‘ಕಾಣಲಿಲ್ಲ’ ಮತ್ತು ‘ಇಲ್ಲ’

ಕೆಟ್ಟು ನಿಂತ ಯಂತ್ರವನ್ನು ಸರಿಪಡಿಸುವುದು ಅಂಥ ಕಷ್ಟದ ಕೆಲಸವೇನಲ್ಲ. ನಿಂತದ್ದು ನಿಂತೇ ಇರುತ್ತದೆ. ಬಲ್ಲವನು ಬಂದು ಬಿಚ್ಚಿ ನೋಡುವ ತನಕ ಕಾದಿರುತ್ತದೆ. ಕಷ್ಟವಿರುವುದು ಒಮ್ಮೆ ಕೆಟ್ಟು ಮತ್ತೊಮ್ಮೆ ತಾನಾಗಿಯೇ ಸರಿಯಾಗುವ ಯಂತ್ರದ ವಿಷಯದಲ್ಲಿ. ಅದರ ರೋಗ ದಾರಿಯಲ್ಲಿ ಕಾಣಿಸಿಕೊಳ್ಳುತ್ತದೆ, ವೈದ್ಯನ ಮುಂದೆ ಮರೆಯಾಗುತ್ತದೆ. ಇದು ಯಂತ್ರಶಾಸ್ತ್ರಕ್ಕೆ ಸೇರಿದ ವಿಷಯ, ನಮಗೇಕೆ ಎಂದು ಮೇಲುನೋಟಕ್ಕೆ ಅನ್ನಿಸಬಹುದು. ಸ್ವಲ್ಪ ನಿಧಾನಿಸಿ ನೋಡಿದರೆ ಇದು ಸತ್ಯದ ಪ್ರಶ್ನೆಯೂ ಹೌದು, ನ್ಯಾಯದ ಪ್ರಶ್ನೆಯೂ ಹೌದು. ನಮ್ಮ ಕಣ್ಣಿಗೆ ಬೀಳದೆ ಬೇರೊಬ್ಬನ ಕಣ್ಣಿಗೆ ಮಾತ್ರ ಬಿದ್ದ ಸಂಗತಿಯ ಬಗ್ಗೆ ನಾವು ಏನನ್ನು ಹೇಳಬಹುದು, ಏನನ್ನು ಹೇಳಬಾರದು?

ನಮ್ಮ ಊರಿನದೇ ಒಂದು ಪ್ರಸಂಗವನ್ನು ಕಲ್ಪಿಸಿಕೊಳ್ಳೋಣ. ಮಂಗಳೂರು ಬಂದರಿನ ದಕ್ಕೆಯಲ್ಲಿ ನಸುಕಿಗೇ ಮೀನು ಹೇರಿಕೊಂಡು, ಶಿರಾಡಿ ಘಾಟಿ ಹತ್ತಿ, ಸಕಲೇಶಪುರ ಹಾಸನಗಳ ಕಡೆಗೆ ಹೋಗುವ ಒಂದು ಹಳೆಯ ಪಿಕಪ್ ಗಾಡಿ. ಡೀಸೆಲ್ ಎಂಜಿನು. ಹದಿನೈದು ವರ್ಷ ನಮ್ಮ ಕರಾವಳಿಯ ಮಳೆಯನ್ನೂ ಉಪ್ಪುಗಾಳಿಯನ್ನೂ ಮೀನಿನ ಪೆಟ್ಟಿಗೆಗಳಿಂದ ಸೋರುವ ಮಂಜುಗಡ್ಡೆಯ ನೀರನ್ನೂ ಸಹಿಸಿದ ಮೈ ಅದರದು. ವಾರಕ್ಕೆ ಒಂದೆರಡು ಸಲ ಅದು ಘಾಟಿಯ ಏರಿನಲ್ಲಿ ಇದ್ದಕ್ಕಿದ್ದಂತೆ ಆಫ್ ಆಗುತ್ತದೆ. ಹಿಂದೆ ಗ್ಯಾಸ್ ಟ್ಯಾಂಕರುಗಳ ಸಾಲು, ಪಕ್ಕದಲ್ಲಿ ಕಮರಿ. ಎಂಜಿನು ನಿಂತಾಗ ಬ್ರೇಕಿಗೆ ಅದರಿಂದ ಸಿಗುವ ಸಹಾಯವೂ ನಿಲ್ಲುತ್ತದೆ. ಒಂದೆರಡು ಸಲ ತುಳಿದ ಮೇಲೆ ಬ್ರೇಕು ಕಲ್ಲಿನಂತೆ ಬಿಗಿಯಾಗುತ್ತದೆ. ಚಾಲಕನ ಎದೆ ಹೇಗೆ ಹೊಡೆದುಕೊಂಡೀತು ಎಂಬುದನ್ನು ವಾಚಕರೇ ಊಹಿಸಬಹುದು. ಕಾಲು ಗಂಟೆ ಬಿಟ್ಟು ಕೀಲಿ ತಿರುಗಿಸಿದರೆ, ಏನೂ ಆಗಿಲ್ಲವೆಂಬಂತೆ ಗಾಡಿ ಹೊರಡುತ್ತದೆ.

ಮರುದಿನ ಗ್ಯಾರೇಜು. ಮೆಕ್ಯಾನಿಕನು ಅರ್ಧ ಗಂಟೆ ಎಂಜಿನು ಓಡಿಸಿ ನೋಡುತ್ತಾನೆ. ನಂತೂರಿನ ವರೆಗೆ ಒಂದು ಸುತ್ತು ಹೋಗಿ ಬರುತ್ತಾನೆ. ಗಾಡಿ ಒಮ್ಮೆಯೂ ಕೆಮ್ಮುವುದಿಲ್ಲ. “ಎಂತದೂ ಇಲ್ಲ ಮಾರಾಯ, ಗಾಡಿ ಸರಿ ಉಂಟು” ಎನ್ನುತ್ತಾನೆ. ಆ ಮಾತು ಗಾಡಿಯ ಧಣಿಗಳನ್ನು ಮುಟ್ಟುತ್ತದೆ. ಗಾಡಿ ಸರಿಯಿದ್ದ ಮೇಲೆ ಸರಿಯಿಲ್ಲದವನು ಚಾಲಕನೇ ತಾನೇ? ಡೀಸೆಲ್ ಹಾಕಲು ಮರೆತಿರಬೇಕು, ಇಲ್ಲವೆ ದಾರಿಯಲ್ಲಿ ಮಲಗಿ ತಡಮಾಡಿರಬೇಕು. ಹಾಳಾದ ಮೀನಿನ ನಷ್ಟವನ್ನು ಅವನ ಸಂಬಳದಲ್ಲಿ ಮುರಿದುಕೊಂಡರೂ ಆಶ್ಚರ್ಯವಿಲ್ಲ. ಮೆಕ್ಯಾನಿಕನು ಸುಳ್ಳಾಡಲಿಲ್ಲ, ಧಣಿಗಳು ಕ್ರೂರಿಗಳಲ್ಲ. ಆದರೂ ಒಬ್ಬ ಬಡವನಿಗೆ ಅನ್ಯಾಯವಾಯಿತು. ಅನ್ಯಾಯ ಎಲ್ಲಿ ನುಸುಳಿತು? ‘ನನಗೆ ಕಾಣಲಿಲ್ಲ’ ಎನ್ನಬೇಕಾದಲ್ಲಿ ‘ಇಲ್ಲ’ ಎಂದ ಆ ಒಂದು ಮಾತಿನಲ್ಲಿ.

ಇಂಥ ದೋಷ ಗ್ಯಾರೇಜಿನಲ್ಲಿ ಕಾಣದಿರುವುದಕ್ಕೆ ಮಾಟಮಂತ್ರ ಬೇಕಾಗಿಲ್ಲ, ಸರಳವಾದ ಕಾರಣಗಳುಂಟು. ಟ್ಯಾಂಕಿಯಿಂದ ಡೀಸೆಲ್ ಹೊರಗೆ ಹೋದಷ್ಟೂ ಅದರ ಜಾಗಕ್ಕೆ ಗಾಳಿ ಒಳಗೆ ಬರಬೇಕು. ಅದಕ್ಕಾಗಿ ಒಂದು ಸಣ್ಣ ಉಸಿರುದಾರಿ ಇರುತ್ತದೆ. ಧೂಳು ಕೆಸರುಗಳಿಂದ ಅದು ಮುಚ್ಚಿಕೊಂಡರೆ, ಗಾಡಿ ಓಡಿದಂತೆಲ್ಲ ಟ್ಯಾಂಕಿಯೊಳಗೆ ನಿರ್ವಾತ ಬೆಳೆಯುತ್ತದೆ. ಕೊನೆಗೆ ಪಂಪಿಗೆ ಡೀಸೆಲ್ ಎಳೆಯಲಾಗದೆ ಎಂಜಿನು ಸಾಯುತ್ತದೆ. ನಿಂತ ಹೊತ್ತಿನಲ್ಲಿ ಗಾಳಿ ಮೆಲ್ಲಮೆಲ್ಲನೆ ಒಳಗೆ ಸೇರುತ್ತದೆ; ಎಂಜಿನಿಗೆ ಮತ್ತೆ ಜೀವ ಬರುತ್ತದೆ. ಇನ್ನೊಂದು ಕಾರಣ: ಟ್ಯಾಂಕಿಯ ತಳದಲ್ಲಿ ಒಂದು ಬಟ್ಟೆಯ ಚೂರೋ ಕಸವೋ ತೇಲುತ್ತಿರಬಹುದು. ಎಳೆತದ ರಭಸಕ್ಕೆ ಅದು ಕೊಳವೆಯ ಬಾಯಿಗೆ ಅಂಟಿ ದಾರಿ ಕಟ್ಟುತ್ತದೆ. ಎಂಜಿನು ನಿಂತೊಡನೆ ಎಳೆತವೂ ನಿಂತು ಕೆಳಗೆ ಬೀಳುತ್ತದೆ. ಮೂರನೆಯದು ವಿದ್ಯುತ್ತಿನದು. ಹಲವು ಹಳೆಯ ಡೀಸೆಲ್ ಎಂಜಿನುಗಳ ಪಂಪಿನಲ್ಲಿ ವಿದ್ಯುತ್ತಿನಿಂದ ತೆರೆದಿರುವ ಒಂದು ಕವಾಟವುಂಟು. ಕರೆಂಟು ತಪ್ಪಿದರೆ ಅದು ಮುಚ್ಚಿ ಡೀಸೆಲ್ ತಡೆಯುತ್ತದೆ. ಉಪ್ಪುನೀರಿಗೆ ತುಕ್ಕು ಹಿಡಿದ ಒಂದು ವಯರಿನ ತುದಿ ಸಮದಾರಿಯಲ್ಲಿ ಅಂಟಿಕೊಂಡಿದ್ದು, ಏರಿನ ಕುಲುಕಾಟದಲ್ಲಿ ಒಂದು ಕ್ಷಣ ಬಿಟ್ಟರೆ ಸಾಕು.

ಈ ಮೂರರಲ್ಲೂ ಒಂದು ಸಮಾನಧರ್ಮವಿದೆ. ದೋಷ ತೋರಬೇಕಾದರೆ ಹೊರೆ, ಏರು, ಬಿಸಿ, ಕುಲುಕಾಟ, ಬಹಳ ಹೊತ್ತಿನ ಓಟ ಇವುಗಳಲ್ಲಿ ಕೆಲವಾದರೂ ಕೂಡಿಬರಬೇಕು. ಗ್ಯಾರೇಜಿನ ನೆರಳಿನಲ್ಲಿ, ಬರಿಯ ಗಾಡಿಯಲ್ಲಿ, ಇವು ಯಾವುವೂ ಇರುವುದಿಲ್ಲ. ಅಲ್ಲಿ ದೋಷ ಕಾಣಲಿಲ್ಲವೆಂಬುದು ಅದು ಇಲ್ಲವೆಂಬುದಕ್ಕೆ ಸಾಕ್ಷಿಯಾಗದು.

ನಮ್ಮ ಪ್ರಾಚೀನ ದಾರ್ಶನಿಕರು ಈ ಮಾತನ್ನು ಬಹು ಸೂಕ್ಷ್ಮವಾಗಿ ಚರ್ಚಿಸಿದ್ದಾರೆ. ಕುಮಾರಿಲ ಭಟ್ಟನ ಪಂಥದ ಮೀಮಾಂಸಕರೂ ಅದ್ವೈತಿಗಳೂ ‘ಅನುಪಲಬ್ಧಿ’, ಎಂದರೆ ಕಾಣದಿರುವಿಕೆ, ಎಂಬುದನ್ನೇ ಒಂದು ಪ್ರಮಾಣವೆಂದು ಎಣಿಸಿದರು. ನೆಲದ ಮೇಲೆ ಗಡಿಗೆ ಇಲ್ಲವೆಂದು ನಮಗೆ ತಿಳಿಯುವುದು ಗಡಿಗೆ ಕಾಣದಿರುವುದರಿಂದಲೇ. ಆದರೆ ಅವರು ಒಂದು ಕಟ್ಟುಪಾಡು ಹಾಕಿದರು: ಆ ಕಾಣದಿರುವಿಕೆ ‘ಯೋಗ್ಯ’ವಾಗಿರಬೇಕು. ಇದ್ದಿದ್ದರೆ ಕಂಡೇ ಕಾಣುತ್ತಿತ್ತು ಎಂಬಂಥ ಸನ್ನಿವೇಶದಲ್ಲಿ ಕಾಣದಿದ್ದರೆ ಮಾತ್ರ ‘ಇಲ್ಲ’ ಎನ್ನಬಹುದು. ಹಗಲು ಬೆಳಕಿನಲ್ಲಿ ಗಡಿಗೆ ಕಾಣದಿದ್ದರೆ ಗಡಿಗೆ ಇಲ್ಲ. ಕತ್ತಲ ಕೋಣೆಯಲ್ಲಿ ಕಾಣದಿದ್ದರೆ? ಆಗ ತಿಳಿಯುವುದು ಕತ್ತಲೆಯ ವಿಷಯವೇ ಹೊರತು ಗಡಿಗೆಯ ವಿಷಯವಲ್ಲ. ನಮ್ಮ ಮೆಕ್ಯಾನಿಕನು ನೋಡಿದ್ದು ಕತ್ತಲ ಕೋಣೆಯಲ್ಲಿ. ತೀರ್ಪು ಕೊಟ್ಟದ್ದು ಹಗಲಿನದು.

ಈ ವಿವೇಕ ನಮ್ಮೂರಿನ ವೈದ್ಯರಿಗೆ ಹೊಸದೇನಲ್ಲ. ಮಂಗಳೂರಿನವರಿಗೆ ಮಲೇರಿಯ ಪರಿಚಿತವಾದ ಜ್ವರ. ಒಂದು ದಿನ ನಡುಗಿಸಿ, ಮರುದಿನ ಬಿಟ್ಟು, ಮೂರನೆಯ ದಿನ ಮತ್ತೆ ಬರುವ ಈ ಜ್ವರವನ್ನು ಆಯುರ್ವೇದದವರು ವಿಷಮಜ್ವರಗಳ ಸಾಲಿನಲ್ಲಿ ‘ತೃತೀಯಕ’ವೆಂದು ಕರೆದರು. ರಕ್ತಕಣಗಳೊಳಗೆ ಬೆಳೆದ ರೋಗಾಣುಗಳು ಒಟ್ಟಾಗಿ ಕಣಗಳನ್ನು ಒಡೆದು ಹೊರಬರುವ ಹೊತ್ತಿಗೇ ಚಳಿ ಹುಟ್ಟುವುದೆಂದು ಇಟಲಿಯ ಕಮಿಲ್ಲೊ ಗೋಲ್ಜಿ 1880ರ ದಶಕದಲ್ಲಿ ತೋರಿಸಿಕೊಟ್ಟನು. ಜ್ವರವಿಲ್ಲದ ದಿನ ಬಂದ ರೋಗಿಯ ಮೈ ತಣ್ಣಗಿದೆಯೆಂದು ‘ನಿನಗೆ ರೋಗವಿಲ್ಲ’ ಎನ್ನುವ ವೈದ್ಯನು ಇಲ್ಲಿ ಬಹುಕಾಲ ಬಾಳಲಾರನು. ಒಂದು ರಕ್ತಪರೀಕ್ಷೆಯಲ್ಲಿ ಕಾಣದಿದ್ದರೂ, ಸಂಶಯ ಉಳಿದರೆ ಮತ್ತೆ ಪರೀಕ್ಷೆ ಮಾಡಿಸುತ್ತಾರೆ. ರೋಗಿಯ ಮೈಗೆ ಕೊಡುವ ಈ ಗೌರವವನ್ನು ಚಾಲಕನ ಮಾತಿಗೆ ಏಕೆ ಕೊಡಬಾರದು?

ಹಾಗೆಂದು, ‘ಇಲ್ಲ’ ಎನ್ನಬಾರದೆಂಬ ಭಯದಿಂದ ‘ಇದೆ’ ಎಂದು ಹಾರುವುದೂ ಸಲ್ಲದು. ಇದು ಎದುರು ದಿಕ್ಕಿನ ತಪ್ಪು. ಕಾರಣ ಗೊತ್ತಿಲ್ಲವೆನ್ನಲು ನಾಚಿದವನು ಮೊದಲು ಫಿಲ್ಟರ್ ಬದಲಿಸುತ್ತಾನೆ, ಆಮೇಲೆ ಪಂಪು, ಆಮೇಲೆ ಬ್ಯಾಟರಿ. ಬಿಲ್ಲು ಬೆಳೆಯುತ್ತದೆ, ತಿಳಿವಳಿಕೆ ಬೆಳೆಯುವುದಿಲ್ಲ. ಗುಪ್ತಲಕ್ಷಣದ ವ್ಯಾಧಿಯನ್ನು ಉಪಶಯದಿಂದ, ಎಂದರೆ ಮದ್ದು ಕೊಟ್ಟು ಅದರ ಗುಣ ನೋಡಿ, ಪರೀಕ್ಷಿಸಬೇಕೆಂದು ಚರಕಸಂಹಿತೆ ಹೇಳುವುದುಂಟು. ಆದರೆ ಅದು ಹೇಳುವುದು ಪರೀಕ್ಷೆಯನ್ನು, ಕುರುಡು ಪ್ರಯೋಗವನ್ನಲ್ಲ. ಬಿಟ್ಟುಬಿಟ್ಟು ಬರುವ ದೋಷದಲ್ಲಿ ಅಪಾಯ ಇನ್ನೂ ಹೆಚ್ಚು: ಏನನ್ನು ಬದಲಿಸಿದರೂ ನಾಲ್ಕು ದಿನ ಗಾಡಿ ಓಡೀತು, ಏಕೆಂದರೆ ಬದಲಿಸದಿದ್ದರೂ ಅದು ನಾಲ್ಕು ದಿನ ಓಡುತ್ತಿತ್ತು.

ಸರಿಯಾದ ದಾರಿ ಯಾವುದು ಹಾಗಾದರೆ? ಕತ್ತಲ ಕೋಣೆಗೆ ದೀಪ ಒಯ್ಯುವುದು. ಮೊದಲ ದೀಪ ಚಾಲಕನ ಅನುಭವವೇ. ಎಂಜಿನು ಸ್ವಿಚ್ಚು ತೆಗೆದಂತೆ ಥಟ್ಟನೆ ನಿಂತಿತೇ? ಹಾಗಾದರೆ ವಿದ್ಯುತ್ತಿನ ಕಡೆ ನೋಡಬೇಕು. ತಡವರಿಸಿ, ಬಲಗುಂದಿ ನಿಂತಿತೇ? ಹಾಗಾದರೆ ಡೀಸೆಲಿನ ದಾರಿಯನ್ನು ಶೋಧಿಸಬೇಕು. ಟ್ಯಾಂಕಿ ತುಂಬಿತ್ತೋ, ತಳ ಕಂಡಿತ್ತೋ? ಮುಚ್ಚಳ ತೆರೆದಾಗ ಗಾಳಿ ಒಳಗೆ ನುಗ್ಗಿದ ಸದ್ದು ಕೇಳಿಸಿತೇ? ಎರಡನೆಯ ದೀಪ ನಿಜವಾಗಿಯೂ ದೀಪವೇ: ಕವಾಟಕ್ಕೆ ಹೋಗುವ ವಯರಿನಿಂದ ಒಂದು ಸಣ್ಣ ಬಲ್ಬನ್ನು ಚಾಲಕನ ಕಣ್ಣೆದುರಿಗೆ ಎಳೆದು ಕಟ್ಟುವುದು. ಗಾಡಿ ನಿಲ್ಲುವಾಗ ಬಲ್ಬೂ ಆರಿದರೆ ಕರೆಂಟು ತಪ್ಪಿದೆ. ಉರಿಯುತ್ತಲೇ ಇದ್ದರೆ ಆ ವಯರಿನ ಮೇಲಿನ ಅಪವಾದ ಕಳೆಯಿತು. ಡೀಸೆಲ್ ಕೊಳವೆಯ ನಡುವೆ ಒಂದು ಪಾರದರ್ಶಕ ತುಂಡು ಜೋಡಿಸಿದರೆ ಗಾಳಿಗುಳ್ಳೆ ಬರುವುದು ಕಾಣುತ್ತದೆ. ಉಸಿರುದಾರಿ ಶುಚಿಮಾಡಿದ ಮೇಲೆ ಗಾಡಿ ನಿಲ್ಲದಿದ್ದರೆ ಅದು ವ್ಯತಿರೇಕ. ಬೇಕೆಂದೇ ಅದನ್ನು ಮುಚ್ಚಿ, ಬಯಲು ದಾರಿಯಲ್ಲಿ ಜಾಗರೂಕತೆಯಿಂದ ಓಡಿಸಿದಾಗ ಮತ್ತೆ ನಿಂತರೆ ಅದು ಅನ್ವಯ. ಎರಡೂ ಕೂಡಿದಾಗ ಮಾತ್ರ ‘ಇದೇ ಕಾರಣ’ ಎನ್ನುವ ಹಕ್ಕು ಬರುತ್ತದೆ.

ಚಾಲಕನು ಸುಳ್ಳು ಹೇಳುತ್ತಿರಬಾರದೇಕೆ ಎಂದು ಕೇಳುವವರುಂಟು. ಕೇಳತಕ್ಕ ಪ್ರಶ್ನೆಯೇ. ಚಾಲಕರೆಲ್ಲ ಹರಿಶ್ಚಂದ್ರರಲ್ಲ, ಮೆಕ್ಯಾನಿಕರಿಗೆ ದಿನಕ್ಕೆ ಹತ್ತು ಗಾಡಿ ನೋಡುವ ಒತ್ತಡವೂ ಉಂಟು. ಆದರೆ ಆ ಬಲ್ಬು ಚಾಲಕನ ಪರವಾಗಿಯೂ ಇಲ್ಲ, ವಿರೋಧವಾಗಿಯೂ ಇಲ್ಲ. ಒಬ್ಬನ ಮಾತನ್ನು ಗೌರವಿಸುವುದೆಂದರೆ ಕಣ್ಣುಮುಚ್ಚಿ ನಂಬುವುದಲ್ಲ. ಅದು ಪರೀಕ್ಷೆಗೆ ಯೋಗ್ಯವೆಂದು ಎಣಿಸುವುದು. ಆಪ್ತನ ಮಾತು ಪ್ರಮಾಣವೆಂದ ನ್ಯಾಯಶಾಸ್ತ್ರದಲ್ಲಿ, ಆಪ್ತನೆಂದರೆ ಯಾರು ಎಂಬುದಕ್ಕೆ ಭಾಷ್ಯಕಾರ ವಾತ್ಸ್ಯಾಯನನು ಕೊಟ್ಟ ಉತ್ತರ ಇಲ್ಲಿ ಸ್ಮರಣೀಯ. ವಿಷಯವನ್ನು ನೇರವಾಗಿ ಅರಿತು, ಅರಿತಂತೆ ಹೇಳಬಯಸುವವನೇ ಆಪ್ತ. ಈ ಲಕ್ಷಣ ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಸಮಾನವೆಂದು ಅವನು ಹೇಳಿದನು. ಘಾಟಿಯಲ್ಲಿ ನಿಂತ ಗಾಡಿಯನ್ನು ನೇರವಾಗಿ ಅರಿತವನು ಚಾಲಕನೊಬ್ಬನೇ. ಅವನ ಓದು ಎಷ್ಟನೆಯ ತರಗತಿಗೆ ನಿಂತಿತೆಂಬುದು ಇಲ್ಲಿ ಅಪ್ರಸ್ತುತ.

ಹೇಳಿದವರ ಮಾತನ್ನು ಹಗುರವಾಗಿ ತೆಗೆದುಕೊಂಡರೆ ಏನಾದೀತೆಂಬುದಕ್ಕೆ ಅಮೆರಿಕದ ಒಂದು ಉದಾಹರಣೆ ಸಾಕು. ಅಲ್ಲಿನ ಜನರಲ್ ಮೋಟರ್ಸ್ ಕಂಪನಿಯ ಕೆಲವು ಕಾರುಗಳಲ್ಲಿ ಕೀಲಿ ತಿರುಗಿಸುವ ಸ್ವಿಚ್ಚು ಸಡಿಲವಾಗಿತ್ತು. ದಾರಿಯ ಒಂದು ಕುಲುಕಿಗೋ ಕೀಲಿಗೊಂಚಲಿನ ಭಾರಕ್ಕೋ ಅದು ಜಾರಿದರೆ, ಓಡುತ್ತಿದ್ದ ಎಂಜಿನು ನಿಲ್ಲುತ್ತಿತ್ತು. ಅಪಘಾತದಲ್ಲಿ ಕಾಪಾಡಬೇಕಾದ ಗಾಳಿಚೀಲವೂ ಬಿಚ್ಚಿಕೊಳ್ಳುತ್ತಿರಲಿಲ್ಲ. ಕೀಲಿಯನ್ನು ಮತ್ತೆ ತಿರುಗಿಸಿದರೆ ಎಂಜಿನು ಎಂದಿನಂತೆ ಹೊರಡುತ್ತಿತ್ತು. ಗಾಡಿ ನಿಲ್ಲುತ್ತದೆಂಬ ದೂರುಗಳನ್ನು ಕಂಪನಿಯ ತಜ್ಞರು ವರ್ಷಗಟ್ಟಲೆ ಗ್ರಾಹಕರ ಅನುಕೂಲದ ವಿಷಯವೆಂದು ಎಣಿಸಿದರು. ಪ್ರಾಣದ ವಿಷಯವೆಂದು ಎಣಿಸಲಿಲ್ಲ. 2006ರಲ್ಲಿ ಸ್ವಿಚ್ಚನ್ನು ಸುಧಾರಿಸಿದಾಗಲೂ ಅದರ ಸಂಖ್ಯೆಯನ್ನು ಬದಲಿಸಲಿಲ್ಲ. ಹಳತು ಯಾವುದು, ಹೊಸತು ಯಾವುದು ಎಂದು ಹೋಲಿಸಿ ನೋಡುವ ದಾರಿಯೇ ಮಸುಕಾಯಿತು. 2014ರಲ್ಲಿ ಸುಮಾರು 26 ಲಕ್ಷ ಕಾರುಗಳನ್ನು ಹಿಂದಕ್ಕೆ ಕರೆಸಬೇಕಾಯಿತು. ಪರಿಹಾರ ನಿಧಿಯವರು ಈ ದೋಷಕ್ಕೆ ಸಂಬಂಧಿಸಿದುವೆಂದು ಒಪ್ಪಿಕೊಂಡ ಸಾವುಗಳು 124.

ಯಂತ್ರಗಳ ಮಾತು ಹಾಗಿರಲಿ. ನಮ್ಮ ಮನೆಗಳಲ್ಲಿಯೂ ಬಿಟ್ಟುಬಿಟ್ಟು ಬರುವ ನೋವುಗಳುಂಟು. ರಾತ್ರಿ ತಲೆಸುತ್ತು ಬಂದು ಬೆಳಗ್ಗೆ ಡಾಕ್ಟರ ಮುಂದೆ ನೆಟ್ಟಗೆ ಕೂರುವ ಮುದಿ ತಾಯಿ. ಮನೆಯಲ್ಲಿ ಪಾಠ ಒಪ್ಪಿಸಿ ತರಗತಿಯಲ್ಲಿ ಬಾಯಿ ಕಟ್ಟಿ ನಿಲ್ಲುವ ಹುಡುಗ. ಯಾರೂ ಇಲ್ಲದ ಹೊತ್ತಿನಲ್ಲಿ ಮಾತ್ರ ಬೈಸಿಕೊಳ್ಳುವ ಸೊಸೆ. ಇವರೆಲ್ಲರಿಗೂ ನಾವು ‘ಏನೂ ಇಲ್ಲ, ಎಲ್ಲ ನಿನ್ನ ಭ್ರಮೆ’ ಎಂದು ಹೇಳಿಬಿಡುವುದು ಎಷ್ಟು ಸುಲಭ! ನಾವು ಕಾಣಲಿಲ್ಲವೆಂಬುದರ ಭಾರವನ್ನು, ಕಂಡವರ ತಲೆಯ ಮೇಲೆಯೇ ಹೊರಿಸುತ್ತೇವೆ.

ಅದಕ್ಕಿಂತ ಹೆಚ್ಚು ಕಷ್ಟವೇನೂ ಇಲ್ಲದ ಇನ್ನೊಂದು ಮಾತುಂಟು. ಒಳ್ಳೆಯ ಮೆಕ್ಯಾನಿಕರ ಬಾಯಿಂದ ಅದು ಬರುವುದೂ ಉಂಟು: “ಇವತ್ತು ನನಗೆ ಕಾಣಲಿಲ್ಲ ಮಾರಾಯ. ಈ ಬಲ್ಬು ಕಟ್ಟಿ ಕೊಡ್ತೇನೆ. ಇನ್ನೊಮ್ಮೆ ನಿಂತಾಗ ಇದು ಉರೀತದೋ ಇಲ್ಲವೋ ನೋಡಿ ಹೇಳು.”