ಕೊಟ್ಟಿಗೆಯಲ್ಲಿ ಇಲ್ಲದವರ ಪರವಾಗಿ

ದನದ ಡಾಕ್ಟರನ್ನು ಊರು ಹೊಗಳುವುದು ಸಾಮಾನ್ಯವಾಗಿ ಒಂದೇ ಕಾರಣಕ್ಕೆ. ಅಪರಾತ್ರಿಯಲ್ಲಿ ಕರೆದರೂ ಬಂದರು, ಕರು ಅಡ್ಡ ಸಿಕ್ಕಿಕೊಂಡಿದ್ದ ಹಸುವನ್ನು ಉಳಿಸಿಕೊಟ್ಟರು ಎನ್ನುತ್ತಾರೆ. ಈ ಹೊಗಳಿಕೆ ನ್ಯಾಯವಾದದ್ದೇ. ಆದರೆ ಊರಿಗಾಗಿ ಬದುಕಿದವರ ಯೋಗ್ಯತೆಯನ್ನು ತೂಗಲು ಅದೊಂದೇ ಸಾಕೆ? ಈ ಪ್ರಶ್ನೆಯನ್ನು ಕೈಗೆತ್ತಿಕೊಳ್ಳಲು ಇಂಗ್ಲೆಂಡಿನ ಯಾರ್ಕ್‌ಶೈರ್ ಸೀಮೆಯ ಒಬ್ಬ ಪಶುವೈದ್ಯರ ಬದುಕು ಒಳ್ಳೆಯ ಪ್ರಕರಣ. ಜಗತ್ತಿಗೆ ಅವರು ಜೇಮ್ಸ್ ಹೆರಿಯಟ್.

ನಿಜವಾದ ಹೆಸರು ಜೇಮ್ಸ್ ಆಲ್‌ಫ್ರೆಡ್ ವೈಟ್. 1916ರಲ್ಲಿ ಸಂಡರ್‌ಲ್ಯಾಂಡಿನಲ್ಲಿ ಹುಟ್ಟಿ, ಗ್ಲಾಸ್ಗೋ ನಗರದಲ್ಲಿ ಬೆಳೆದು, ಅಲ್ಲಿನ ಪಶುವೈದ್ಯ ಕಾಲೇಜಿನಲ್ಲಿ 1939ರ ಕೊನೆಗೆ ಓದು ಮುಗಿಸಿದರು. ಮರುವರ್ಷ ಥರ್ಸ್ಕ್ ಎಂಬ ಸಂತೆಯೂರಿನಲ್ಲಿ ಡೊನಾಲ್ಡ್ ಸಿಂಕ್ಲೇರ್ ಎಂಬ ವೈದ್ಯರ ಬಳಿ ಕೆಲಸಕ್ಕೆ ಸೇರಿದರು. ಯುದ್ಧಕಾಲದಲ್ಲಿ ವಾಯುಪಡೆಗೆ ಹೋಗಿ ಬಂದದ್ದು ಬಿಟ್ಟರೆ ವೃತ್ತಿಜೀವನವೆಲ್ಲ ಹೆಚ್ಚುಕಡಿಮೆ ಆ ಸುತ್ತಿನ ಹಳ್ಳಿಗಳಲ್ಲೇ ಸವೆಯಿತು. ಬರೆಯಲು ಕುಳಿತದ್ದು ಐವತ್ತರ ಆಸುಪಾಸಿನಲ್ಲಿ. ಪಶುವೈದ್ಯರು ತಮ್ಮ ಜಾಹೀರಾತು ತಾವೇ ಮಾಡಿಕೊಳ್ಳಬಾರದೆಂಬ ವೃತ್ತಿನಿಯಮ ಇದ್ದುದರಿಂದ ಒಬ್ಬ ಫುಟ್‌ಬಾಲ್ ಗೋಲ್‌ಕೀಪರನ ಹೆಸರನ್ನು ಎರವಲು ತಂದುಕೊಂಡರು. ಮೊದಲ ಪುಸ್ತಕ 1970ರಲ್ಲಿ ಬಂತು. ಮುಂದೆ ಪುಸ್ತಕಗಳು ಕೋಟಿಗಟ್ಟಲೆ ಮಾರಾಟವಾದವು. 1978ರಲ್ಲಿ ಬಿಬಿಸಿ ಧಾರಾವಾಹಿ ಶುರುವಾಯಿತು. ಇಷ್ಟೆಲ್ಲ ಆದ ಮೇಲೂ ಅವರು ಊರು ಬಿಡಲಿಲ್ಲ, ವೃತ್ತಿಯನ್ನೂ ಬೇಗ ಬಿಡಲಿಲ್ಲ. 1995ರಲ್ಲಿ ಅದೇ ಸೀಮೆಯಲ್ಲಿ ತೀರಿಕೊಂಡರು.

ಅವರ ಪುಸ್ತಕಗಳನ್ನು ಓದಿದವರ ಕಣ್ಣಿಗೆ ಕಟ್ಟುವ ಚಿತ್ರವೆಂದರೆ ಅಂಗಿ ಬಿಚ್ಚಿ, ಕಲ್ಲುಹಾಸಿನ ಮೇಲೆ ಮಲಗಿ, ಭುಜದವರೆಗೂ ಕೈಯನ್ನು ಹಸುವಿನ ಒಳಗೆ ತೂರಿಸಿರುವ ವೈದ್ಯ. ಈದ ಮೇಲೆ ಹಾಲುಜ್ವರ ಬಂದು ಮಲಗಿಬಿಟ್ಟ ಹಸುವಿನ ರಕ್ತನಾಳಕ್ಕೆ ಕ್ಯಾಲ್ಸಿಯಂ ಏರಿಸಿದರೆ ಅದು ಸ್ವಲ್ಪ ಹೊತ್ತಿನಲ್ಲೇ ಎದ್ದು ನಿಲ್ಲುತ್ತದೆ. ಮನೆಯವರಿಗೆ ಅದು ಪವಾಡ. ಸಲ್ಫಾ ಔಷಧಿಗಳು, ಆಮೇಲೆ ಪೆನ್ಸಿಲಿನ್ ಹಳ್ಳಿಗೆ ತಲುಪಿದ್ದು ಆ ತಲೆಮಾರಿನ ವೈದ್ಯರ ಕಾಲದಲ್ಲೇ. ಹಿಂದಿನ ದಿನ ಸಾಯುವಂತಿದ್ದ ಕರು ಮರುದಿನ ಮೇವು ಬಾಯಿಗೆ ಹಾಕಿದರೆ ಡಾಕ್ಟರಿಗೆ ಅಡುಗೆಮನೆಯ ಬೆಂಕಿಯ ಪಕ್ಕ ಕುರ್ಚಿ ಖಾಯಂ.

ಆದರೆ ಅವರ ದಿನಚರಿಯಲ್ಲಿ ಇನ್ನೊಂದು ಕೆಲಸವೂ ಇತ್ತು. 1941ರ ನವೆಂಬರಿನಲ್ಲಿ ಮದುವೆಯಾದ ವೈಟ್ ದಂಪತಿ ಹೊಸ ಸಂಸಾರದ ಮೊದಲ ದಿನಗಳನ್ನು ವೆನ್ಸ್ಲಿಡೇಲ್ ಕಣಿವೆಯ ದನಗಳಿಗೆ ಕ್ಷಯದ ಪರೀಕ್ಷೆ ಮಾಡುತ್ತ ಕಳೆದರು. ಗಂಡ ಅಳತೆ ಹೇಳುವುದು, ಹೆಂಡತಿ ಬರೆದುಕೊಳ್ಳುವುದು. ಅದನ್ನು ಅವರು ತಮಾಷೆಯಾಗಿ ಬರೆದಿದ್ದಾರೆ, ಓದುಗರೂ ನಕ್ಕು ಮುಂದೆ ಹೋಗುತ್ತಾರೆ. ನಮ್ಮ ಪ್ರಕರಣದ ತಿರುಳು ಮಾತ್ರ ಅಲ್ಲೇ ಇದೆ.

ಪರೀಕ್ಷೆಯ ಕ್ರಮ ನೀರಸವಾದದ್ದು. ದನದ ಕತ್ತಿನ ಮೇಲೆ ಕೂದಲು ಕತ್ತರಿಸಬೇಕು, ಚರ್ಮದ ಮಡಿಕೆಯ ದಪ್ಪವನ್ನು ಕ್ಯಾಲಿಪರಿನಲ್ಲಿ ಅಳೆಯಬೇಕು, ಟ್ಯೂಬರ್‌ಕ್ಯುಲಿನ್ ಚುಚ್ಚಬೇಕು. ಮೂರು ದಿನ ಬಿಟ್ಟು ಮತ್ತೆ ಬಂದು ಅದೇ ಜಾಗವನ್ನು ಅಳೆಯಬೇಕು. ಚರ್ಮ ಊದಿದ್ದರೆ ಒಳಗೆ ಕ್ಷಯದ ಸೋಂಕಿದೆ ಎಂದು ಅರ್ಥ. ಇದಕ್ಕೆ ಯಾರೂ ಕೈಮುಗಿಯುವುದಿಲ್ಲ. ಊತ ಕಂಡರೆ ಆ ಮನೆಯವರ ಮುಖ ಕಪ್ಪಿಡುತ್ತದೆ.

ಆದರೂ ಮಾಡಲೇಬೇಕಿತ್ತು. 1930ರ ದಶಕದ ಬ್ರಿಟನ್ನಿನಲ್ಲಿ ಹಾಲು ಕರೆಯುವ ಹಸುಗಳಲ್ಲಿ ನೂರಕ್ಕೆ ಸುಮಾರು ನಲವತ್ತಕ್ಕೆ ಈ ಸೋಂಕಿತ್ತು. ದನದ ಕ್ಷಯ ತಗುಲಿ ವರ್ಷಕ್ಕೆ ಎರಡು ಸಾವಿರಕ್ಕೂ ಹೆಚ್ಚು ಜನ ಸಾಯುತ್ತಿದ್ದರು. ಕಾಯಿಸದ ಹಾಲು ಕುಡಿದ ಮಕ್ಕಳ ಕತ್ತಿನ ಗ್ರಂಥಿ ಬಾತುಕೊಳ್ಳುತ್ತಿತ್ತು. ಕೆಲವರಿಗೆ ಬೆನ್ನುಮೂಳೆ, ಕೀಲುಗಳೇ ಸವೆದುಹೋಗುತ್ತಿದ್ದವು. ಶುದ್ಧ ಹಿಂಡುಗಳನ್ನು ಗುರುತಿಸುವ ಯೋಜನೆ 1935ರಲ್ಲಿ ರೈತರ ಇಷ್ಟಕ್ಕೆ ಬಿಟ್ಟಂತೆ ಶುರುವಾಯಿತು. 1950ರಿಂದ ಪ್ರದೇಶ ಪ್ರದೇಶವಾಗಿ ಕಡ್ಡಾಯವಾಯಿತು. 1960ರ ಹೊತ್ತಿಗೆ ಇಡೀ ದೇಶದ ಹಿಂಡುಗಳು ಪರೀಕ್ಷೆಯ ವ್ಯವಸ್ಥೆಯೊಳಗೆ ಬಂದಿದ್ದವು. ಆ ಇಪ್ಪತ್ತೈದು ವರ್ಷಗಳಲ್ಲಿ ಕ್ಯಾಲಿಪರ್ ಹಿಡಿದು ಕೊಟ್ಟಿಗೆಯಿಂದ ಕೊಟ್ಟಿಗೆಗೆ ಅಲೆದವರಲ್ಲಿ ವೈಟ್‌ರಂಥ ಹಳ್ಳಿಯ ಪಶುವೈದ್ಯರೇ ಬಹಳ.

ಈಗ ಧರ್ಮಸಂಕಟವನ್ನು ನೋಡೋಣ. ಬೆಟ್ಟದ ಇಳಿಜಾರಿನ ಸಣ್ಣ ರೈತನಿಗೆ ಎಂಟು-ಹತ್ತು ಹಸು, ಒಂದೊಂದಕ್ಕೂ ಹೆಸರು. ಪರೀಕ್ಷೆಯಲ್ಲಿ ಸಿಕ್ಕಿಬಿದ್ದ ಹಸು ನೋಡಲು ಗಟ್ಟಿಮುಟ್ಟಾಗಿದೆ, ಬಕೆಟ್ ತುಂಬ ಹಾಲು ಕೊಡುತ್ತದೆ. ಅದನ್ನು ಹಿಂಡಿನಿಂದ ತೆಗೆ ಎಂದು ಹೇಳಬೇಕಾದವನು ಕಳೆದ ವಾರವಷ್ಟೇ ಅದೇ ಮನೆಯಲ್ಲಿ ಊಟ ಮಾಡಿ ಬಂದ ಡಾಕ್ಟರ್. ಮುಂದಿನ ವಾರದ ಫೀಸು ಬರಬೇಕಾದ್ದೂ ಅದೇ ಮನೆಯಿಂದ. ಊತವೋ ಗಡಿಯಲ್ಲಿದೆ. ಒಂದೆರಡು ಮಿಲಿಮೀಟರ್ ಕಡಿಮೆ ಬರೆದುಕೊಂಡರೆ ಆ ಮನೆಗೆ ದೊಡ್ಡ ಉಪಕಾರ, ಯಾರಿಗೂ ಗೊತ್ತಾಗುವುದೂ ಇಲ್ಲ.

ಕಣ್ಣೆದುರು ನಿಂತ ಬಡವನಿಗೆ ಕರಗದ ವೈದ್ಯ ವೈದ್ಯನೇ ಅಲ್ಲ ಎಂದು ವಾದಿಸುವವರಿದ್ದಾರೆ. ಆ ವಾದದಲ್ಲಿ ಅರ್ಧ ಸತ್ಯವಿದೆ. ಕರುಣೆ ಬೇಕು, ಆದರೆ ಅದನ್ನು ಎಲ್ಲಿ ಖರ್ಚು ಮಾಡಬೇಕೆಂಬ ವಿವೇಕವೂ ಬೇಕು. ಪರಿಹಾರದ ಕಾಗದಪತ್ರ ಬೇಗ ಮುಗಿಸಿಕೊಡುವುದು, ಕೊಟ್ಟಿಗೆ ಶುದ್ಧಮಾಡುವ ಬಗೆ ಹೇಳುವುದು, ಮುಂದಿನ ಹಸು ಕೊಳ್ಳುವಾಗ ಜೊತೆಗೆ ಹೋಗುವುದು, ಇವೆಲ್ಲ ಕರುಣೆಯೇ. ಅಂಕಿ ತಿದ್ದುವುದು ಮಾತ್ರ ಬೇರೊಬ್ಬರ ಮಗುವಿನ ಲೆಕ್ಕದಿಂದ ತೆಗೆದು ದಾನ ಮಾಡಿದಂತೆ. ಆ ಹಾಲು ಕುಡಿಯುವ ಮಗು ಕೊಟ್ಟಿಗೆಯಲ್ಲಿ ಇಲ್ಲ. ಅದರ ಪರವಾಗಿ ಮಾತಾಡಲು ಅಲ್ಲಿರುವವರು ಡಾಕ್ಟರೊಬ್ಬರೇ. ಸಮುದಾಯ ಎಂದರೆ ನಮ್ಮನ್ನು ಕರೆದು ಕೂರಿಸುವವರಷ್ಟೇ ಆಗಿದ್ದರೆ ಸೇವೆ ಸುಲಭ. ಮುಖ ಕಾಣದವರೂ ಅದರಲ್ಲಿ ಸೇರಿದ್ದಾರೆಂದು ನೆನಪಿಟ್ಟುಕೊಳ್ಳುವುದೇ ಕಷ್ಟದ ಭಾಗ.

ಇನ್ನೊಂದು ಲೆಕ್ಕವನ್ನೂ ಮುಚ್ಚಿಡಬಾರದು. ಕಂದು ಹಾಕುವ ದನಗಳ ಕಸ ತೆಗೆಯುತ್ತ ತೆಗೆಯುತ್ತ ವೈಟ್ ಬ್ರುಸೆಲ್ಲೋಸಿಸ್, ಅಂದರೆ ಕಂದು ರೋಗ, ಅಂಟಿಸಿಕೊಂಡರು. ಜ್ವರ ಮತ್ತೆ ಮತ್ತೆ ಮರುಕಳಿಸಿ ಕಾಡಿತು. 1960ರ ಆಸುಪಾಸಿನಲ್ಲಿ ತೀವ್ರ ಖಿನ್ನತೆಗೆ ಒಳಗಾಗಿ ಚಿಕಿತ್ಸೆ ಪಡೆದರೆಂಬುದನ್ನು ಮಗ ಜಿಮ್ ವೈಟ್ ತಂದೆಯ ಜೀವನಚರಿತ್ರೆಯಲ್ಲಿ ದಾಖಲಿಸಿದ್ದಾರೆ. ಮಗನೇನೋ ಅಪ್ಪನ ವೃತ್ತಿಯನ್ನೇ ಹಿಡಿದರು. ಅದೇ ಆಸೆ ಹೊತ್ತಿದ್ದ ಮಗಳನ್ನು ಮಾತ್ರ, ಈ ಮೈಮುರಿಯುವ ಕೆಲಸ ಬೇಡವೆಂದು ಅಪ್ಪ ತಡೆದರು. ಅವರು ಮನುಷ್ಯರ ಡಾಕ್ಟರಾದರು. ನಗುನಗುತ್ತ ಬರೆದವರು ಮನೆಯೊಳಗೆ ಕೊಟ್ಟ ಈ ತೀರ್ಪನ್ನು ಕೇಳಿಸಿಕೊಳ್ಳದೆ ತ್ಯಾಗವನ್ನು ಕೊಂಡಾಡುವುದು ನಮ್ಮ ಅನುಕೂಲದ ಮಾತು.

ಕರ್ನಾಟಕದ ಹಳ್ಳಿಯಲ್ಲಿ ಇದೇ ಪ್ರಕರಣ ದಿನವೂ ನಡೆಯುತ್ತದೆ, ರೂಪ ಬೇರೆ. ಕೆಚ್ಚಲುಬಾವಿಗೆ ಆ್ಯಂಟಿಬಯಾಟಿಕ್ ಕೊಟ್ಟ ಡಾಕ್ಟರು, ಇಂತಿಷ್ಟು ದಿನ ಈ ಹಸುವಿನ ಹಾಲನ್ನು ಡೇರಿಗೆ ಹಾಕಬೇಡಿ ಎನ್ನುತ್ತಾರೆ. “ಮೇವಿನ ಸಾಲ ಐತೆ ಸಾರ್, ಬೇರೆ ಹಾಲಿನ ಜೊತೆ ಸೇರಿಸಿ ಹಾಕಿದ್ರೆ ಏನಾಗ್ತದೆ?” ಎಂಬ ಉತ್ತರ ಬರುತ್ತದೆ. ರೈತ ಕೆಟ್ಟವನೇನಲ್ಲ, ಹದಿನೈದು ದಿನದ ಬಟವಾಡೆಯ ಮೇಲೆ ಮನೆ ನಡೆಸುವವನು. ಕಂದು ರೋಗದ ಕತೆಯೂ ಹೀಗೇ. 2019ರಲ್ಲಿ ಶುರುವಾದ ರಾಷ್ಟ್ರೀಯ ಕಾರ್ಯಕ್ರಮದಡಿ ನಾಲ್ಕರಿಂದ ಎಂಟು ತಿಂಗಳ ಹೆಣ್ಣುಕರುಗಳಿಗೆ ಲಸಿಕೆ ಹಾಕುತ್ತಾರೆ. ಸೋಂಕಿತ ದನವನ್ನು ಕೊಂದು ರೋಗ ಅಳಿಸುವ ದಾರಿ ನಮ್ಮಲ್ಲಿ ಇಲ್ಲದ್ದರಿಂದ ಆ ಒಂದು ಲಸಿಕೆಯ ಮೇಲೆಯೇ ಭಾರ ಹೆಚ್ಚು. ಅದು ಜೀವಂತ ರೋಗಾಣುವಿನ ಲಸಿಕೆ. ಸೂಜಿ ಜಾರಿ ಕೈಗೆ ಚುಚ್ಚಿದರೆ ಹಾಕುವವರಿಗೇ ರೋಗ ಬರಬಹುದು. ಆರೋಗ್ಯವಾಗಿರುವ ಕರುವಿಗೆ ಸೂಜಿ ಏಕೆಂದು ಬೈಸಿಕೊಳ್ಳುತ್ತ ಆ ಅಪಾಯವನ್ನು ಮೈಮೇಲೆ ಎಳೆದುಕೊಳ್ಳುವವರು ನಮ್ಮ ಪಶು ಆಸ್ಪತ್ರೆಗಳ ಸಿಬ್ಬಂದಿ.

ಊರಿಗೆ ಮಾಡಿದ ಉಪಕಾರ ಹೆಣಕ್ಕೆ ಮಾಡಿದ ಶೃಂಗಾರ ಎಂದು ನೊಂದವರು ಹೇಳುತ್ತಾರೆ. ಅದನ್ನು ಸುಳ್ಳು ಮಾಡುವ ಹೊಣೆ ಉಪಕಾರ ಮಾಡುವವರದಲ್ಲ, ಊರಿನದು. ಸನ್ಮಾನದ ಶಾಲು ಸಾಲದು. ಡಾಕ್ಟರು ಬೇಡವೆಂದ ಹಾಲನ್ನು ಚೆಲ್ಲುವ ರೈತನ ನಷ್ಟದಲ್ಲಿ ಹಾಲಿನ ಸಂಘವೂ ಪಾಲು ಹೊರಬೇಕು. ಲಸಿಕೆ ಹಾಕುವವರಿಗೆ ಕೈಗವಸು, ಕನ್ನಡಕ ತಪ್ಪದೆ ಸಿಗಬೇಕು. ಅಪ್ರಿಯ ಸತ್ಯವನ್ನು ಹೇಳಿದ ದಿನವೂ ಅವರನ್ನು ಒಳಗೆ ಕರೆದು ಕಾಫಿ ಕೊಡುವಷ್ಟು ದೊಡ್ಡತನ ಮನೆಯವರಿಗೆ ಇರಬೇಕು. ನಿಷ್ಠುರವಾಗಿ ನಿಜ ಹೇಳುವ ಒಬ್ಬ ಡಾಕ್ಟರನ್ನು ಉಳಿಸಿಕೊಳ್ಳಲಾರದ ಊರು, ಅಪರಾತ್ರಿಯಲ್ಲಿ ಬರುವ ಡಾಕ್ಟರನ್ನೂ ಬಹಳ ದಿನ ಉಳಿಸಿಕೊಳ್ಳಲಾರದು.