ಸೊಳ್ಳೆ, ಯಾತ್ರಿಕ ಮತ್ತು ಶ್ರಾವಕನ ಯತ್ನಾಚಾರ

ಅಹಿಂಸೆಯನ್ನು ಪರಮಧರ್ಮವೆಂದು ನಂಬಿದ ಮನೆಗಳಲ್ಲಿ ಸೊಳ್ಳೆಯ ಪ್ರಸ್ತಾಪ ಬಂದಾಗ ಎರಡು ಬಗೆಯ ಮಾತುಗಳು ಕೇಳಿಬರುತ್ತವೆ. ಅದೂ ಜೀವವೇ, ನಾವು ಏನೂ ಮಾಡಬಾರದು, ಬಂದದ್ದು ಕರ್ಮಫಲ ಎಂಬುದು ಒಂದು. ಧರ್ಮವು ಬಸದಿಯೊಳಗಿರಲಿ, ಮನೆಯೊಳಗೆ ಔಷಧ ಹೊಡೆಯೋಣ ಎಂಬುದು ಇನ್ನೊಂದು. ಮೊದಲನೆಯ ಮಾತು ಅಹಿಂಸೆಯನ್ನು ಆಲಸ್ಯವನ್ನಾಗಿಸುತ್ತದೆ. ಎರಡನೆಯದು ಅದನ್ನು ಅಲಂಕಾರವನ್ನಾಗಿಸುತ್ತದೆ. ಇವೆರಡರ ನಡುವೆ ಗೃಹಸ್ಥನಿಗೆ ವಿವೇಕದ ದಾರಿಯೊಂದಿದೆಯೇ ಎಂಬುದೇ ಇಲ್ಲಿಯ ವಿಚಾರ.

ಮಂಗಳೂರಿನ ಕಾವೂರಿನಂಥ ಊರಿನಲ್ಲಿ ಇದು ಬರಿಯ ತರ್ಕದ ಪ್ರಶ್ನೆಯಲ್ಲ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಕರಾವಳಿ ಇದು. ಒಂದೆಡೆ ಹಳೆಯ ಕೆರೆ, ಬಾವಿ, ತೆಂಗು-ಕಂಗಿನ ಹಿತ್ತಿಲು. ಇನ್ನೊಂದೆಡೆ ದಿನದಿನಕ್ಕೆ ಏಳುತ್ತಿರುವ ಬಹುಮಹಡಿ ಕಟ್ಟಡಗಳು. ಹತ್ತಿರದಲ್ಲೇ ಬಜಪೆಯ ವಿಮಾನ ನಿಲ್ದಾಣ. 1990ರ ದಶಕದಲ್ಲಿ ಮಂಗಳೂರು ಬೆಳೆದಂತೆ ಮಲೇರಿಯಾವೂ ನಗರದಲ್ಲಿ ಬೇರೂರಿತು. ಕಟ್ಟಡ ಕಟ್ಟುವಲ್ಲಿ ಸಂಗ್ರಹಿಸಿಟ್ಟ ನೀರು, ಮುಚ್ಚಳವಿಲ್ಲದ ಮೇಲ್ತೊಟ್ಟಿಗಳು, ಬಳಕೆ ತಪ್ಪಿದ ಬಾವಿಗಳು 'ಅನಾಫಿಲಿಸ್ ಸ್ಟೀಫೆನ್ಸಿ' ಎಂಬ ಸೊಳ್ಳೆಗೆ ತವರಾದವು. ಅನೇಕ ವರ್ಷಗಳ ಕಾಲ ಕರ್ನಾಟಕದ ಮಲೇರಿಯಾ ಪ್ರಕರಣಗಳಲ್ಲಿ ದೊಡ್ಡ ಪಾಲು ಈ ಜಿಲ್ಲೆಯದೇ ಆಗಿತ್ತು. ಇತ್ತೀಚಿನ ವರ್ಷಗಳಲ್ಲಿ ಅದು ಬಹಳ ಇಳಿದಿದೆ. ಆದರೆ ಡೆಂಗ್ಯೂ ಉಳಿದಿದೆ. 2024ರಲ್ಲಿ ರಾಜ್ಯ ಸರಕಾರವು ಅದನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ, ಸೊಳ್ಳೆ ಹುಟ್ಟಲು ಆಸ್ಪದ ಕೊಡುವ ಸ್ಥಳದ ಮಾಲೀಕರಿಗೆ ದಂಡ ವಿಧಿಸುವ ನಿಯಮವನ್ನು ತಂದಿತು.

ಸೊಳ್ಳೆಯೇ ಮಲೇರಿಯಾದ ವಾಹಕವೆಂಬುದಕ್ಕೆ ಆಧಾರ ದೊರೆತದ್ದು ನಮ್ಮ ದೇಶದಲ್ಲಿಯೇ. 1897ರಲ್ಲಿ ಸಿಕಂದರಾಬಾದಿನಲ್ಲಿ ರೊನಾಲ್ಡ್ ರಾಸ್ ಎಂಬ ವೈದ್ಯರು ಸೊಳ್ಳೆಯ ಜಠರದಲ್ಲಿ ಆ ರೋಗಾಣುವನ್ನು ಕಂಡರು. ಆದರೆ ಈ ಕಥೆಯಲ್ಲಿ ನಾವು ಮರೆಯುವ ಅಂಶವೊಂದಿದೆ. ಸೊಳ್ಳೆ ಮಲೇರಿಯಾವನ್ನು ಹೊತ್ತು ಹುಟ್ಟುವುದಿಲ್ಲ. ಅದು ಮನುಷ್ಯನಿಂದಲೇ ಅದನ್ನು ಪಡೆಯುತ್ತದೆ. ತಾನಾಗಿ ಬಹುದೂರ ಹಾರಲಾರದ ಅದು ಒಂದು ರಾಜ್ಯದಿಂದ ಇನ್ನೊಂದಕ್ಕೆ ರೋಗವನ್ನು ಒಯ್ಯಲಾರದು. ಒಯ್ಯುವವನು ಪ್ರಯಾಣಿಕ: ಸಮ್ಮೇದ ಶಿಖರ್ಜಿಗೆ ಹೋಗಿಬಂದ ಯಾತ್ರಿಕ, ಆಫ್ರಿಕದಿಂದ ರಜೆಗೆ ಬಂದ ಬಂಧು, ದೂರದಿಂದ ಕೂಲಿಗೆ ಬಂದ ಕಾರ್ಮಿಕ. ಇವರಲ್ಲಿ ನಾವು ಬೊಟ್ಟು ಮಾಡುವುದು ಕೊನೆಯವನನ್ನು ಮಾತ್ರ. ಗೋಡೆಯಿಲ್ಲದ ಕಟ್ಟಡದಲ್ಲಿ, ಸೊಳ್ಳೆಪರದೆಯಿಲ್ಲದೆ, ನಮ್ಮದೇ ಮನೆಗಾಗಿ ತುಂಬಿಟ್ಟ ನೀರಿನ ಪಕ್ಕದಲ್ಲಿ ಮಲಗುವ ಅವನು ರೋಗಕ್ಕೆ ಮೊದಲ ತುತ್ತು ಎಂಬುದನ್ನು ನೆನೆಯುವುದಿಲ್ಲ.

ಈಗ ಶಾಸ್ತ್ರದತ್ತ ನೋಡೋಣ. ಸೊಳ್ಳೆ ನಾಲ್ಕು ಇಂದ್ರಿಯಗಳುಳ್ಳ ತ್ರಸಜೀವ. ಅದರ ಸಂಕಲ್ಪಪೂರ್ವಕ ವಧೆ ಅಣುವ್ರತಿಗೂ ವರ್ಜ್ಯ. ಇದರಲ್ಲಿ ಸಂದೇಹವಿಲ್ಲ. ಆದರೆ ಆಚಾರ್ಯ ಉಮಾಸ್ವಾಮಿಗಳು ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಾಣಹಾನಿಯೊಂದನ್ನೇ ಹೇಳದೆ, ಪ್ರಮಾದವನ್ನು ಅದರ ಮೂಲದಲ್ಲಿಟ್ಟರು. ಪ್ರಮಾದವೆಂದರೆ ಎಚ್ಚರಗೇಡಿತನ. ಹಿಂಸೆಯಲ್ಲಿ ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂಬ ನಾಲ್ಕು ಬಗೆಗಳನ್ನೆಣಿಸಿ, ಗೃಹಸ್ಥನು ಮೊದಲನೆಯದನ್ನು ಪೂರ್ಣವಾಗಿ ಬಿಡಬೇಕು, ಉಳಿದವನ್ನು ಯತ್ನದಿಂದ ಕುಗ್ಗಿಸಬೇಕು ಎಂದು ನಮ್ಮ ಪರಂಪರೆ ವಿಧಿಸಿತು. ಹಾಗಿರುವಾಗ ಪ್ರಶ್ನೆಯಿರುವುದು ಸೊಳ್ಳೆ ಕಚ್ಚಿದ ಕ್ಷಣದಲ್ಲಲ್ಲ, ಅದಕ್ಕೂ ಒಂದು ವಾರ ಮೊದಲು.

ಏಕೆಂದರೆ ನಿಂತ ನೀರಿನಲ್ಲಿಟ್ಟ ಮೊಟ್ಟೆ ರೆಕ್ಕೆಯ ಸೊಳ್ಳೆಯಾಗಲು ನಮ್ಮ ಹವೆಯಲ್ಲಿ ಸುಮಾರು ಏಳರಿಂದ ಹತ್ತು ದಿನ ಸಾಕು. ಪ್ರಾಚೀನರು ಇವನ್ನು ಸಮ್ಮೂರ್ಛನ ಜೀವಗಳೆಂದರು, ಇಂದಿನ ವಿಜ್ಞಾನ ಮೊಟ್ಟೆಯನ್ನು ತೋರಿಸುತ್ತದೆ. ನಿಂತ ನೀರಿಲ್ಲದಿದ್ದರೆ ಜನನವಿಲ್ಲ ಎಂಬಲ್ಲಿ ಇಬ್ಬರ ಮಾತೂ ಒಂದೇ. ತೊಟ್ಟಿಯನ್ನು ಮುಚ್ಚದೆ, ಹೂಕುಂಡದ ತಟ್ಟೆಯನ್ನು ಬರಿದುಮಾಡದೆ, ಗೆರಟೆ, ಅಡಕೆಹಾಳೆ, ಹಳೆಯ ಟಯರುಗಳನ್ನು ಮಳೆಗೆ ಬಿಟ್ಟು, ಆಮೇಲೆ ಹುಟ್ಟಿದ ಸಾವಿರ ಜೀವಗಳನ್ನು ಹೊಗೆಯಿಟ್ಟು ಕೊಲ್ಲುವುದು ಎಂಥ ದಯೆ? ಕೊಲ್ಲಬೇಕಾದ ಸಂದರ್ಭವನ್ನೇ ಹುಟ್ಟಿಸದಿರುವುದು ಅಹಿಂಸೆಯ ಮೊದಲ ಮೆಟ್ಟಿಲು. ವಾರಕ್ಕೊಮ್ಮೆ ನೀರಿನ ಪಾತ್ರೆಗಳನ್ನೆಲ್ಲ ಬರಿದುಮಾಡಿ, ಉಜ್ಜಿ, ಒಣಗಿಸುವುದು ಆರೋಗ್ಯ ಇಲಾಖೆಯ ಸೂಚನೆ ಮಾತ್ರವಲ್ಲ, ಶ್ರಾವಕನ ಯತ್ನಾಚಾರವೂ ಹೌದು. ನೀರನ್ನು ಸೋಸಿ, ಮುಚ್ಚಿಟ್ಟು ಬಳಸಿದ ನಮ್ಮ ಹಿರಿಯರಿಗೆ ಮಲೇರಿಯಾದ ಗುಟ್ಟು ಮೊದಲೇ ತಿಳಿದಿತ್ತೆಂದು ಹೊಗಳಬೇಕಾಗಿಲ್ಲ. ಅವರು ಜೀವದಯೆಯಿಂದ ಮಾಡಿದರು. ಫಲ ಆರೋಗ್ಯಕ್ಕೂ ದಕ್ಕಿತು.

ಇಲ್ಲಿ ಒಂದು ಕಠಿಣ ಆಕ್ಷೇಪವುಂಟು. ತೊಟ್ಟಿಯಲ್ಲಿ ಮರಿಗಳು ಆಗಲೇ ಇವೆ. ಚೆಲ್ಲಿದರೆ ಸಾಯುತ್ತವೆ, ಬಿಟ್ಟರೆ ನೆರೆಮನೆಯ ಮಗು ಜ್ವರದಿಂದ ಮಲಗುತ್ತದೆ. ಆಗ ಏನು ಮಾಡಬೇಕು? ಕೆಲವರು ತಾವು ಕೈಹಚ್ಚದೆ ನಗರಪಾಲಿಕೆಯವರನ್ನು ಕರೆಸುತ್ತಾರೆ. ಇನ್ನು ಕೆಲವರು ಮರಿಗಳನ್ನು ತಿನ್ನುವ ಗಪ್ಪಿ ಮೀನನ್ನು ಬಿಡುತ್ತಾರೆ. ಆದರೆ ಕೃತ, ಕಾರಿತ, ಅನುಮೋದನ ಎಂಬ ಮೂರನ್ನೂ ಸಮವಾಗಿ ತೂಗಿದ ಧರ್ಮದಲ್ಲಿ ಇನ್ನೊಬ್ಬನ ಕೈಯಿಂದಾದ ಕಾರ್ಯವೂ ನಮ್ಮದೇ. ಆದ್ದರಿಂದ ಪ್ರಾಮಾಣಿಕವಾದ ಉತ್ತರ ಇದು: ಇದು ವಿರೋಧೀ ಹಿಂಸೆ, ಮನುಷ್ಯರ ಪ್ರಾಣರಕ್ಷಣೆಗಾಗಿ ಗೃಹಸ್ಥನಿಗೆ ಅನಿವಾರ್ಯವಾದದ್ದು. ಅದನ್ನು ಪುಣ್ಯವೆಂದು ಕರೆಯದೆ, ಬೇರೆಯವರ ತಲೆಗೆ ಕಟ್ಟದೆ, ಅತ್ಯಲ್ಪ ಪ್ರಮಾಣದಲ್ಲಿ ಮಾಡಿ, ಪ್ರತಿಕ್ರಮಣದಲ್ಲಿ ನೆನೆದು, ಮುಂದಿನ ವಾರ ಆ ತೊಟ್ಟಿಗೆ ಮುಚ್ಚಳ ಹಾಕಬೇಕು. ಮುಚ್ಚಳ ಹಾಕದ ಪಶ್ಚಾತ್ತಾಪಕ್ಕೆ ಅರ್ಥವಿಲ್ಲ.

ಹಾಗಿದ್ದರೆ ಪರೀಷಹಗಳಲ್ಲಿ ದಂಶಮಶಕವನ್ನು ಎಣಿಸಿಲ್ಲವೇ, ಸಹಿಸುವುದೇ ಧರ್ಮವಲ್ಲವೇ ಎಂದು ಕೇಳಬಹುದು. ಆ ಪರೀಷಹವನ್ನು ಹೇಳಿರುವುದು ಮುನಿಗಳಿಗೆ. ಪರದೆಯನ್ನೂ ಲೇಪನವನ್ನೂ ಬಯಸದ ಮುನಿ ಕಡಿತವನ್ನು ಸಮತೆಯಿಂದ ಸಹಿಸುತ್ತಾರೆ. ಅದು ಅವರ ತಪಸ್ಸು. ನಮ್ಮ ಹಿತ್ತಿಲಿನ ಕೊಳಕಿಗೆ ಅದು ಸಮರ್ಥನೆಯಾಗದು. ಚಾತುರ್ಮಾಸ್ಯಕ್ಕೆ ಮುನಿಸಂಘವನ್ನು ಬರಮಾಡಿಕೊಳ್ಳುವ ಬಸದಿಯ ಆಡಳಿತ ಮಂಡಳಿಗಳು ಮಳೆಗಾಲಕ್ಕೆ ಮುನ್ನವೇ ಸುತ್ತಲಿನ ಚರಂಡಿ, ತೊಟ್ಟಿ, ಬಾವಿಗಳನ್ನು ನೋಡಿಕೊಂಡರೆ ಅದೇ ಒಂದು ವೈಯಾವೃತ್ಯ. ಮೂಡಬಿದಿರೆ, ಕಾರ್ಕಳ, ವೇಣೂರುಗಳಂಥ ಕ್ಷೇತ್ರಗಳಲ್ಲಿ ಯಾತ್ರಿಕರಿಗೆ ಕೋಣೆ ಕೊಡುವವರು ಹಾಸಿಗೆಯ ಜೊತೆ ಸೊಳ್ಳೆಪರದೆಯನ್ನೂ, ಕಿಟಕಿಗೆ ಜಾಲರಿಯನ್ನೂ, ತೊಟ್ಟಿಗೆ ಬಿಗಿಯಾದ ಮುಚ್ಚಳವನ್ನೂ ಒದಗಿಸಿದರೆ ಅಭಯದಾನವಾಗುತ್ತದೆ.

ಯಾತ್ರಿಕನಿಗಂತೂ ಕೊಲ್ಲದೆ ಕಾಯುವ ಉಪಾಯಗಳೇ ಹೆಚ್ಚು. ಮಲೇರಿಯಾದ ಸೊಳ್ಳೆ ಮುಸ್ಸಂಜೆಯಿಂದ ಮುಂಜಾವಿನವರೆಗೆ ಕಚ್ಚುತ್ತದೆ, ಡೆಂಗ್ಯೂವಿನದು ಹಗಲಿನಲ್ಲಿ. ಆದ್ದರಿಂದ ರಾತ್ರಿಯ ಪರದೆಯೊಂದೇ ಸಾಲದು. ತುಂಬುತೋಳಿನ ಉಡುಪು, ಮೈಗೆ ಹಚ್ಚುವ ಸೊಳ್ಳೆ ನಿವಾರಕ ಲೇಪನ ಇವೂ ಬೇಕು. ಲೇಪನ ಸೊಳ್ಳೆಯನ್ನು ದೂರವಿಡುತ್ತದೆಯೇ ಹೊರತು ಕೊಲ್ಲುವುದಿಲ್ಲ. ಮಲೇರಿಯಾ ಹೆಚ್ಚಿರುವ ನಾಡಿಗೆ ಹೋಗುವವರು ಮುಂಚಿತವಾಗಿಯೇ ವೈದ್ಯರನ್ನು ಕಂಡು ತಡೆಮಾತ್ರೆಯ ಅಗತ್ಯವನ್ನು ಕೇಳಬೇಕು. ಹಿಂದಿರುಗಿದ ಮೇಲೆ, ತಿಂಗಳುಗಳು ಕಳೆದಿದ್ದರೂ, ಜ್ವರ ಬಂದರೆ ರಕ್ತಪರೀಕ್ಷೆ ಮಾಡಿಸಿ, ಎಲ್ಲಿಗೆ ಹೋಗಿದ್ದೆವೆಂದು ವೈದ್ಯರಿಗೆ ಹೇಳಬೇಕು. ಡೆಂಗ್ಯೂ ಶಂಕೆಯಿದ್ದರೆ ಆಸ್ಪಿರಿನ್, ಐಬುಪ್ರೊಫೆನ್‌ಗಳನ್ನು ತಾವಾಗಿ ನುಂಗಬಾರದು. ಅವು ರಕ್ತಸ್ರಾವದ ಅಪಾಯವನ್ನು ಹೆಚ್ಚಿಸುತ್ತವೆ. ವೈವಾಕ್ಸ್ ಮಲೇರಿಯಾದ ರೋಗಾಣು ಯಕೃತ್ತಿನಲ್ಲಿ ಅಡಗಿದ್ದು ಮತ್ತೆ ಮರುಕಳಿಸಬಲ್ಲದು. ಜ್ವರ ಇಳಿಯಿತೆಂದು ವೈದ್ಯರು ಹೇಳಿದ ಮಾತ್ರೆಗಳನ್ನು ನಡುವೆ ನಿಲ್ಲಿಸಿದವನು ತನಗೆ ಮಾತ್ರವಲ್ಲ, ತನ್ನನ್ನು ಕಚ್ಚಿದ ಸೊಳ್ಳೆಯ ಮೂಲಕ ಊರಿಗೂ ಅಪಾಯ ತರುತ್ತಾನೆ. ಕೊನೆಯ ಮಾತ್ರೆಯವರೆಗೆ ನುಂಗುವುದೂ ಪರೋಪಕಾರವೇ.

ನಮ್ಮ ದೇಶವು 2030ರೊಳಗೆ ಮಲೇರಿಯಾವನ್ನು ಇಲ್ಲವಾಗಿಸುವ ಗುರಿಯನ್ನಿಟ್ಟುಕೊಂಡಿದೆ. ಅದರಲ್ಲಿ ಸರಕಾರದ ಪಾಲು ಸರಕಾರಕ್ಕಿರಲಿ. ಮುಚ್ಚಿದ ತೊಟ್ಟಿ, ಒಣಗಿದ ಅಂಗಳ, ಕೂಲಿಯವನಿಗೊಂದು ಪರದೆ — ಇಷ್ಟು ನಮ್ಮ ಪಾಲು. ಸೊಳ್ಳೆಯ ಮೇಲೆ ಕೈಯೆತ್ತಬೇಕೋ ಬೇಡವೋ ಎಂದು ವಾದಿಸುವ ಮುನ್ನ, ನಮ್ಮ ಎಚ್ಚರಗೇಡಿತನದಿಂದ ಯಾವ ಜೀವಕ್ಕೂ ಸಾವಿನ ಸಂದರ್ಭ ಒದಗಬಾರದೆಂಬ ನಿಯಮವನ್ನು ಪ್ರತಿಯೊಂದು ಮನೆಯೂ ಕೈಗೊಳ್ಳಲಿ.