ಮನೆ ಮಾರುವ ಮುನ್ನ

ಮನೆಯ ಯಜಮಾನರು ಲಿಂಗೈಕ್ಯರಾಗಿ ವರ್ಷ ತುಂಬುವ ಮೊದಲೇ ಅನೇಕ ಮನೆಗಳಲ್ಲಿ ಈ ಮಾತು ಏಳುತ್ತದೆ: “ಅವ್ವಾ, ನಿನ್ನೊಬ್ಬಳಿಗೆ ಇಷ್ಟು ದೊಡ್ಡ ಮನೆ ಏಕೆ? ಮಾರಿಬಿಡೋಣ.” ಮಾತಿನಲ್ಲಿ ಕಳಕಳಿ ಇರಬಹುದು. ಆದರೂ, ಸದ್ಭಕ್ತ ಬಂಧುಗಳೇ, ಆ ನಿರ್ಧಾರ ಯಾರಿಗೆ ಸೇರಿದ್ದೆಂದು ಮೊದಲು ವಿಚಾರಿಸಬೇಕು.

1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯು ವೀರಶೈವ-ಲಿಂಗಾಯತರಿಗೂ ಅನ್ವಯಿಸುತ್ತದೆ. ಉಯಿಲು ಬರೆಯದೆ ಪತಿ ತೀರಿಕೊಂಡರೆ ಅವರ ಸ್ವಯಾರ್ಜಿತ ಮನೆಯಲ್ಲಿ ಪತ್ನಿಗೂ ಗಂಡುಹೆಣ್ಣೆನ್ನದೆ ಪ್ರತಿಯೊಂದು ಮಗುವಿಗೂ, ಬದುಕಿದ್ದರೆ ಅವರ ತಾಯಿಗೂ ಸಮಪಾಲು ಉಂಟು. ತನ್ನ ಪಾಲಿಗೆ ಪತ್ನಿಯೇ ಪೂರ್ಣ ಒಡತಿ. ಅವಳ ಸಹಿಯನ್ನು ಬೇಡುವವರು ಅವಳ ಮನಸ್ಸನ್ನೂ ಕೇಳಬೇಡವೇ?

“ಮಣ್ಣಿನ ಮೋಹ ಬಿಡು” ಎಂದು ವೃದ್ಧ ತಾಯಿಗೆ ಬೋಧಿಸಿ ಆ ಮಣ್ಣಿನ ಬೆಲೆಯನ್ನು ತಾವು ಎಣಿಸುವವರಿದ್ದಾರೆ. ತನ್ನದನ್ನು ತಾನಾಗಿ ಬಿಡುವುದು ತ್ಯಾಗ. ಪರರಿಂದ ಬಿಡಿಸುವುದಕ್ಕೆ ಆ ಹೆಸರು ಸಲ್ಲದು.

ಹಾಗೆಂದು ಮನೆಯನ್ನು ಹಿಡಿದೇ ಕೂರಬೇಕೆಂಬ ನಿಯಮವೂ ಇಲ್ಲ. ಸೋರುವ ಮಾಡು, ಮೆಟ್ಟಿಲು ಹತ್ತಲಾರದ ಮೊಣಕಾಲು, ಸಂಜೆಯ ಒಂಟಿತನ ಇವೂ ದಿಟವೇ. ತಾನೇ ಬಯಸಿ ಚಿಕ್ಕ ಮನೆಗೆ ಹೋಗುವ ತಾಯಿ ಪತಿಯ ನೆನಪಿಗೆ ದ್ರೋಹ ಬಗೆದಂತಾಗದು. ಅವರ ದಾಂಪತ್ಯ ಗೋಡೆಗಳನ್ನು ಆಶ್ರಯಿಸಿ ಬಾಳಿದ್ದಲ್ಲ.

ಆದುದರಿಂದ ದುಃಖದ ಮೊದಲ ದಿನಗಳಲ್ಲಿ ಮಾರಾಟದ ಮಾತು ಬೇಡ. ಮಾರಿದಲ್ಲಿ ಮೊದಲು ಅವಳ ಹೆಸರಿನಲ್ಲಿ ಒಂದು ಸೂರಾಗಲಿ. ಮಕ್ಕಳಿಗೆ ದಾನಪತ್ರ ಬರೆದುಕೊಡುವ ಹಿರಿಯರು ಅದರಲ್ಲಿ ತಮ್ಮ ಪೋಷಣೆಯ ಷರತ್ತನ್ನು ಸೇರಿಸಲಿ. ಷರತ್ತು ಮುರಿದರೆ ಪತ್ರವನ್ನು ರದ್ದುಪಡಿಸಿಕೊಳ್ಳಲು 2007ರ ಹಿರಿಯ ನಾಗರಿಕರ ಕಾಯ್ದೆಯಲ್ಲಿ ಅವಕಾಶವಿದೆ. ಕಾನೂನಿನ ಬಾಗಿಲು ತಟ್ಟುವ ಪ್ರಸಂಗವನ್ನೇ ತಾರದಿರುವುದು ಮಕ್ಕಳ ಧರ್ಮ.